ಪಡಸಾಲೆಗೆ ಹಳೆ ಕುರ್ಚಿ: ಮೊದಲು ಬೋರಲು ಹಾಕಿ ನೋಡಿ

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರ ಕಾಲದ ಮನೆ ಇದೆ. ಈ ವರ್ಷ ರಿಪೇರಿ ಮಾಡಿಸಿದೆವು. ತಲಬಾಗಿಲು ದಾಟಿದ ಕೂಡಲೇ ಪಡಸಾಲೆ, ಒಂಬತ್ತು ಅಡಿ ಉದ್ದ, ಆರು ಅಡಿ ಅಗಲ. ಅಲ್ಲಿ ಸೋಫಾ ಬೇಡ, ಹಳೆ ಕಾಲದ ಎರಡು ಕುರ್ಚಿ ಇಡೋಣ ಅಂತ ಆಸೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಬೆತ್ತ ಹೆಣೆದ, ಕೈ ಇರುವ ಎರಡು ಕುರ್ಚಿ ತೋರಿಸಿದ್ದಾರೆ. ಬೀಟೆ ಮರ, ಬ್ರಿಟಿಷರ ಕಾಲದ್ದು, 150 ವರ್ಷ ಆಗಿದೆ ಅನ್ನುತ್ತಾರೆ. ಜೋಡಿಗೆ 60 ಸಾವಿರ. ಬೆಂಗಳೂರಿನವರು ಕೇಳುತ್ತಿದ್ದಾರೆ, ವಾರದೊಳಗೆ ತಿಳಿಸಿ ಎಂದಿದ್ದಾರೆ. ಫೋಟೊ ಕಳಿಸಿದ್ದೇನೆ. ನಮ್ಮ ಅತ್ತೆಗೆ 76 ವರ್ಷ, ಮೊಣಕಾಲು ನೋವು. ಮುಂದೆ ಒಂದು ಕುರ್ಚಿಯನ್ನು ಅಮೆರಿಕಕ್ಕೆ ಒಯ್ಯುತ್ತೇನೆ ಅಂತ ಮಗಳು ಹೇಳುತ್ತಾಳೆ. ಅಟ್ಟದ ಮೇಲೆ ಹಳೆಯದೊಂದು ಆರಾಮ ಕುರ್ಚಿಯೂ ಇದೆ, ಬಟ್ಟೆ ಹರಿದಿದೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಬೆಂಗಳೂರಿನವರು ಕೇಳುತ್ತಿದ್ದರೆ ಕೇಳಲಿ ಬಿಡಿ. ಹಳೆ ಸಾಮಾನಿನ ವ್ಯಾಪಾರದಲ್ಲಿ ಈ ಬೆಂಗಳೂರಿನವರು ಯಾವಾಗಲೂ ಕೇಳುತ್ತಲೇ ಇರುತ್ತಾರೆ. ಬಂದು ಒಯ್ದದ್ದನ್ನು ಕಂಡವರು ಕಡಿಮೆ.

ಫೋಟೊ ನೋಡಿ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕುರ್ಚಿ ಚೆನ್ನಾಗಿವೆ. ಆದರೆ 150 ವರ್ಷದವಲ್ಲ. ಬೀಟೆಯೂ ಅಲ್ಲ ಅನ್ನುವ ಅನುಮಾನ ನನಗಿದೆ. 60 ಸಾವಿರ ನಿಂತಿರುವುದು ಈ ಎರಡು ಮಾತಿನ ಮೇಲೆಯೇ. ಅವನ್ನು ತೆಗೆದುಬಿಟ್ಟರೆ ಉಳಿಯುವುದು ಎರಡು ಒಳ್ಳೆಯ, ಗಟ್ಟಿಮುಟ್ಟಾದ, ಬಹುಶಃ 1940–50ರ ಆಸುಪಾಸಿನ ಕುರ್ಚಿ. ಅದಕ್ಕೂ ಒಂದು ಬೆಲೆ ಇದೆ. ಆ ಬೆಲೆಗೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ.

ಆದರೆ ಕುರ್ಚಿಗಿಂತ ಮೊದಲು ನಿಮ್ಮ ಪಡಸಾಲೆ. ಆರು ಅಡಿ ಅಂದರೆ 72 ಇಂಚು. ಕೈ ಇರುವ ಹಳೆ ಕುರ್ಚಿಯ ಆಳ ಸಾಮಾನ್ಯವಾಗಿ 22 ಇಂಚಿನ ಹತ್ತಿರ ಇರುತ್ತದೆ. ಕೂತವರ ಮೊಣಕಾಲು, ಪಾದ ಸೇರಿ ಇನ್ನೊಂದು 18 ಇಂಚು ಮುಂದೆ ಬರುತ್ತದೆ. ಒಟ್ಟು 40. ಉಳಿಯುವುದು 32 ಇಂಚು. ಒಬ್ಬರು ಕೂತಿರುವಾಗ ಇನ್ನೊಬ್ಬರು ಕೈಯಲ್ಲಿ ಚೀಲ ಹಿಡಿದು ದಾಟಲು ಇಷ್ಟು ಸಾಕು, ಇದಕ್ಕಿಂತ ಕಡಿಮೆಯಾದರೆ ಮೈ ಓರೆ ಮಾಡಿಕೊಂಡೇ ಹೋಗಬೇಕು. ಹಾಗಾಗಿ ಎದುರುಬದುರು ಎರಡು ಕುರ್ಚಿ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ, ಕೂತವರ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಎರಡೂ ಒಂದೇ ಗೋಡೆಗೆ ಬರಬೇಕು. ಬಾಗಿಲ ರೆಕ್ಕೆ ಎಷ್ಟು ಒಳಗೆ ತೆರೆಯುತ್ತದೆ ಅಂತಲೂ ನೋಡಿ. ಚಾಕ್‌ಪೀಸ್ ತೆಗೆದುಕೊಂಡು ನೆಲದ ಮೇಲೆ ಕುರ್ಚಿಯ ಅಳತೆಯ ಚೌಕ ಬರೆದು, ಎರಡು ದಿನ ಅದನ್ನು ತುಳಿಯದೆ ಓಡಾಡಿ. ಹಾಲಿನವನು, ಕೊರಿಯರ್ ಹುಡುಗ, ಸಾಲಿ ಬಿಟ್ಟು ಓಡಿಬರುವ ಮಕ್ಕಳು ಎಲ್ಲರೂ ಆ ಗೆರೆ ತುಳಿಯುತ್ತಿದ್ದರೆ ಅಲ್ಲಿ ಕುರ್ಚಿ ಬೇಡ ಅಂತ ಅರ್ಥ.

ಇಂಗ್ಲೆಂಡಿನಲ್ಲಿ ಈ ಜಾಗಕ್ಕೆಂದೇ ಬೇರೆ ಕುರ್ಚಿ ಮಾಡುತ್ತಿದ್ದರು. 18ನೇ ಶತಮಾನದಲ್ಲಿ ದೊಡ್ಡ ಮನೆಗಳ ಬಾಗಿಲ ಹಾಲ್‌ನಲ್ಲಿ ಗಾದಿ ಇಲ್ಲದ, ಬರೀ ಹಲಗೆಯ ಕುರ್ಚಿ ಇರುತ್ತಿದ್ದವು. ಬೆನ್ನಿನ ಮೇಲೆ ಮನೆತನದ ಲಾಂಛನ. ಅಲ್ಲಿ ಕೂರುತ್ತಿದ್ದವರು ಪತ್ರ ತಂದ ಆಳುಗಳು, ಒಳಗಿಂದ ಕರೆ ಬರುವವರೆಗೆ ಕಾಯುವವರು. ಒದ್ದೆ ಕೋಟು, ಕೆಸರಿನ ಬೂಟು ಇರುವವರಿಗೆ ಮೆತ್ತನೆ ಆಸನ ಯಾಕೆ ಅಂತ. ಇಂಟರ್‌ನೆಟ್ಟಿನಲ್ಲಿ ಅಂಥ ಕುರ್ಚಿಯ ಚಿತ್ರ ನೋಡಿ ಮಾಡಿಸುವವರನ್ನು ಕಂಡಿದ್ದೇನೆ. ನೋಡಲು ಚಂದ, ಕೂರಲು ಶಿಕ್ಷೆ. ನಿಮ್ಮ ಅತ್ತೆಗೆ ಅದು ಬೇಡವೇ ಬೇಡ.

ಅವರಿಗೆ ಬೇಕಾದದ್ದು ಕೈ ಇರುವ, ಆಸನ ಎತ್ತರವಿರುವ ಕುರ್ಚಿ. ನೆಲದಿಂದ ಆಸನಕ್ಕೆ 17ರಿಂದ 18 ಇಂಚು ಇರಲಿ. ಕೈಗಳ ಮುಂತುದಿ ಆಸನದ ಅಂಚಿನವರೆಗೆ ಬಂದಿರಬೇಕು. ಮೊಣಕಾಲು ನೋವಿರುವವರು ಏಳುವಾಗ ಆ ತುದಿಯನ್ನೇ ಒತ್ತಿ ಏಳುತ್ತಾರೆ. ಕೆಲವು ಹಳೆ ಕುರ್ಚಿಗಳ ಕೈ ಅರ್ಧಕ್ಕೇ ನಿಂತಿರುತ್ತದೆ. ಮೇಜಿನ ಕೆಳಗೆ ತಳ್ಳಲು ಹಾಗೆ ಮಾಡಿದ್ದು. ಪಡಸಾಲೆಗೆ ಅದರಿಂದ ಉಪಯೋಗವಿಲ್ಲ. ಅತ್ತೆಯನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಮೂರು ಸಲ ಕೂತು ಎದ್ದು ನೋಡಲಿ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಇನ್ನು ನಮ್ಮ ಕಡೆ ಹಳೆ ಕುರ್ಚಿ ಅಂತ ಸಿಗುವವು ಯಾವುವು, ಅದನ್ನು ತಿಳಿದುಕೊಂಡರೆ ವ್ಯಾಪಾರಿಯ ಕಥೆಯನ್ನು ತೂಗಿ ನೋಡಬಹುದು. ನೂರೈವತ್ತು ವರ್ಷದ ಹಿಂದೆ ಹುಬ್ಬಳ್ಳಿ, ಗದಗಿನ ಮನೆಗಳಲ್ಲಿ ಕುರ್ಚಿ ಎಲ್ಲಿತ್ತು ಹೇಳಿ? ಹತ್ತಿ ವ್ಯಾಪಾರಿಯ ಅಡತಿ ಅಂಗಡಿಯಲ್ಲಿ ಗಾದಿ, ತಕ್ಕಿ. ಮನೆಯಲ್ಲಿ ಜಮಖಾನೆ, ಚಾಪೆ, ಕಟ್ಟೆ. ಕುರ್ಚಿ ಇದ್ದದ್ದು ಕಚೇರಿಯಲ್ಲಿ, ಮಿಷನ್ ಬಂಗಲೆಯಲ್ಲಿ, ಆಮೇಲಾಮೇಲೆ ವಕೀಲರ ಮನೆಯಲ್ಲಿ, ದವಾಖಾನೆಯಲ್ಲಿ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ರೈಲು ಬಂದದ್ದು 1880ರ ದಶಕದಲ್ಲಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 1885ರದ್ದು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲೇ ಇತ್ತು. ಆ ಕಟ್ಟಡದಲ್ಲಿ ಈಗ ಕರ್ನಾಟಕ ಕಾಲೇಜು ನಡೆಯುತ್ತಿದೆ. ಅಷ್ಟು ದೊಡ್ಡ ಕಚೇರಿಗೆ ಎಷ್ಟು ಕುರ್ಚಿ ಬೇಕಾಗಿತ್ತೋ ಲೆಕ್ಕ ಹಾಕಿ. ಜೊತೆಗೆ 1956ರವರೆಗೆ ನಾವು ಮುಂಬಯಿ ಕಡೆಯವರು. ಶ್ರೀಮಂತರ ಮನೆಯ ಸಾಮಾನು ಮೈಸೂರಿನ ದಾರಿಗಿಂತ ಮುಂಬಯಿ, ಪುಣೆಯ ದಾರಿ ಹಿಡಿದು ಬಂದದ್ದೇ ಜಾಸ್ತಿ.

ಹೀಗಾಗಿ ನಮ್ಮಲ್ಲಿ ನಿಜವಾಗಿ ಕೈಗೆ ಸಿಗುವುದು ಹೆಚ್ಚಾಗಿ 1900ರಿಂದ 1960ರ ನಡುವಿನ ಸಾಮಾನು. ಸಾಗುವಾನಿಯ ಕಚೇರಿ ಕುರ್ಚಿ, ಬೆತ್ತದ ಆಸನದವು, ಕೈ ಬಾಗಿಸಿ ದಪ್ಪಗೆ ಮಾಡಿದ ಮೂವತ್ತು ನಲವತ್ತರ ದಶಕದ ಕುರ್ಚಿ, ಕಾಲು ಚಾಚುವ ಆರಾಮ ಕುರ್ಚಿ. ದಾಂಡೇಲಿಯ ಕಾಡು ಇಷ್ಟು ಹತ್ತಿರ ಇರುವಾಗ ಒಳ್ಳೆ ಸಾಗುವಾನಿಗೆ ಇಲ್ಲಿ ಬರ ಇರಲಿಲ್ಲ. ಅಚ್ಚುಕಟ್ಟಾದ ಸಾಗುವಾನಿ ಕುರ್ಚಿಯನ್ನು ಬೀಟೆ ಅಂತ ಮಾರುವುದಂತೂ ನನಗೆ ಅರ್ಥವೇ ಆಗುವುದಿಲ್ಲ. ಸಾಗುವಾನಿ ಅಂದರೆ ಕಡಿಮೆ ಏನು?

ರೈಲ್ವೆ ಕುರ್ಚಿಯ ವಿಷಯ ಬಂದದ್ದಕ್ಕೆ ಒಂದು ಮಾತು. ಹುಬ್ಬಳ್ಳಿಯಲ್ಲಿ ಹಳೆ ಕುರ್ಚಿ ಹುಡುಕುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಬೆನ್ನಿನ ಪಟ್ಟಿಯ ಹಿಂದೆ ಅಥವಾ ಆಸನದ ಅಡಿಯ ಚೌಕಟ್ಟಿನಲ್ಲಿ ಅಕ್ಷರ ಬಡಿದಿದ್ದರೆ ಅದೇ ಜಾತಕ. ಎಸ್‌ಎಂಆರ್ ಅಂತಿದ್ದರೆ ಸದರ್ನ್ ಮರಾಠಾ ರೈಲ್ವೆ, ಅಂದರೆ 1908ಕ್ಕಿಂತ ಹಿಂದಿನದು. ಆ ವರ್ಷ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಎಂ ಆ್ಯಂಡ್ ಎಸ್‌ಎಂ, ಅಂದರೆ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಆ ಹೆಸರು 1951ರವರೆಗೆ ನಡೆಯಿತು. ಆಮೇಲೆ ಸದರ್ನ್ ರೈಲ್ವೆ. 1966ರಲ್ಲಿ ಹುಬ್ಬಳ್ಳಿ ವಿಭಾಗ ಸೌತ್ ಸೆಂಟ್ರಲ್‌ಗೆ ಹೋಯಿತು. ಹಾಗಾಗಿ ಎಸ್‌ಸಿಆರ್ ಅಂತ ಬಡಿದ ಕುರ್ಚಿಯನ್ನು ಬ್ರಿಟಿಷರ ಕಾಲದ್ದು ಅಂತ ಯಾರಾದರೂ ಹೇಳಿದರೆ ನಕ್ಕು ಎದ್ದು ಬನ್ನಿ. ಅಕ್ಷರವನ್ನು ಹೊಸದಾಗಿ ಬಡಿಯುವವರೂ ಇದ್ದಾರೆ. ಹಳೆ ಗುರುತಿನ ಒಳಗೆ ಪಾಲಿಶ್ ಮತ್ತು ಧೂಳು ಸೇರಿ ಕರ್ರಗೆ ತುಂಬಿಕೊಂಡಿರುತ್ತದೆ. ಹೊಸದರಲ್ಲಿ ಮರದ ಎಳೆ ಮುರಿದು, ಒಳಗೆ ತಿಳಿ ಬಣ್ಣ ಕಾಣುತ್ತದೆ. ಇಂಥ ಗುರುತು ಇರುವ ಕುರ್ಚಿ ಕೊಂಡರೆ ಹರಾಜಿನ ಕಾಗದ ಕೇಳಿ ಇಟ್ಟುಕೊಳ್ಳಿ. ಸರ್ಕಾರಿ ಸಾಮಾನು ನಿಮ್ಮ ಮನೆಗೆ ಹೇಗೆ ಬಂತು ಅನ್ನುವ ಪ್ರಶ್ನೆಗೆ ಉತ್ತರ ಇರಬೇಕಲ್ಲ.

ಬಾಗಿಸಿದ ದುಂಡು ಕಟ್ಟಿಗೆಯ, ತೆಳ್ಳಗಿನ ಹೋಟೆಲ್ ಕುರ್ಚಿಗಳೂ ಸಿಗುತ್ತವೆ. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ನೋಡಿರುತ್ತೀರಿ. ಆ ಮಾದರಿಯನ್ನು ವಿಯೆನ್ನಾದಲ್ಲಿ 1859ರಲ್ಲಿ ತಂದವನು ಮೈಕೆಲ್ ಥೋನೆಟ್. ಬೀಚ್ ಮರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸುತ್ತಿದ್ದರು. ಬಿಡಿ ಭಾಗಗಳಾಗಿ ಕಳಚಿ, ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ತುಂಬಿ ಹಡಗಿಗೆ ಹಾಕುತ್ತಿದ್ದರು. ಪೇಟೆಂಟ್ ಮುಗಿದ ಮೇಲೆ ಹತ್ತಾರು ಕಂಪನಿಗಳು ಅದೇ ಮಾದರಿ ಮಾಡಿದವು. ಆಸನದ ಬಳೆಯ ಒಳಮೈಯಲ್ಲಿ ಚೀಟಿ ಅಥವಾ ಮುದ್ರೆ ಹುಡುಕಿ. ಮೇಡ್ ಇನ್ ಚೆಕೊಸ್ಲೊವಾಕಿಯಾ ಅಂತಿದ್ದರೆ ಅದು 1918ರ ನಂತರದ್ದು, ಅದಕ್ಕೂ ಮೊದಲು ಆ ದೇಶವೇ ಇರಲಿಲ್ಲ. ಸಣ್ಣ ಪಡಸಾಲೆಗೆ ಈ ಕುರ್ಚಿ ಹೇಳಿ ಮಾಡಿಸಿದ ಹಾಗೆ ಇರುತ್ತದೆ, ಜಾಗ ತಿನ್ನುವುದಿಲ್ಲ. ಆದರೆ ಬೀಚ್ ನಮ್ಮ ಹವೆಯ ಮರ ಅಲ್ಲ, ಹುಳಕ್ಕೆ ಬಹಳ ಪ್ರೀತಿ. ಜೊತೆಗೆ ಅದಕ್ಕೆ ಕೈ ಇರುವುದಿಲ್ಲ.

ಈಗ ನಿಮ್ಮ ಫೋಟೊಗೆ ಬರೋಣ. ನಾಲ್ಕು ಫೋಟೊದಲ್ಲಿ ಮೂರು ಮುಂದಿನಿಂದ ತೆಗೆದದ್ದು. ಕುರ್ಚಿಯ ಮುಖ ನೋಡಿ ಏನೂ ತಿಳಿಯುವುದಿಲ್ಲ. ಮುಖವನ್ನು ಯಾರು ಬೇಕಾದರೂ ತಿದ್ದಬಹುದು. ನಾಲ್ಕನೆಯದರಲ್ಲಿ ನೀವು ಕುರ್ಚಿಯನ್ನು ಬೋರಲು ಹಾಕಿ ಅಡಿಭಾಗ ತೆಗೆದಿದ್ದೀರಿ. ನಾನು ಮಾತಾಡುತ್ತಿರುವುದೆಲ್ಲ ಆ ಒಂದು ಫೋಟೊ ನೋಡಿ.

ಅದರಲ್ಲಿ ಆಸನದ ಮೂಲೆಗಳಿಗೆ ಹಾಕಿದ ತ್ರಿಕೋನದ ಕಟ್ಟಿಗೆ ಕಾಣುತ್ತದೆ. ಅದನ್ನು ಹಿಡಿದಿರುವ ಸ್ಕ್ರೂಗಳ ತಲೆಯಲ್ಲಿ ಪ್ಲಸ್ ಗುರುತು ಇದೆ. ಪ್ಲಸ್ ತಲೆಯ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ. 150 ವರ್ಷದ ಹಳೆ ಕುರ್ಚಿಯಲ್ಲಿ ಒಂದೇ ಗೆರೆಯ ಸ್ಕ್ರೂ ಇರಬೇಕು. ಇಲ್ಲವೇ ಮರದ ಗೂಟ. ಹಾಗಂತ ಸ್ಕ್ರೂ ಒಂದನ್ನೇ ನಂಬಿ ತೀರ್ಪು ಕೊಡಬಾರದು. ರಿಪೇರಿಯಲ್ಲಿ ಬಡಿಗರು ಹೊಸ ಸ್ಕ್ರೂ ಹಾಕಿರಬಹುದು. ಹಾಗೆ ಹಾಕಿದ್ದರೆ ಪಕ್ಕದಲ್ಲಿ ಹಳೆ ಸ್ಕ್ರೂವಿನ ತೂತು, ತುಕ್ಕಿನ ಕಲೆ ಇರಬೇಕು. ನಿಮ್ಮ ಫೋಟೊದಲ್ಲಿ ಮರ ಶುಭ್ರವಾಗಿದೆ.

ಎರಡನೆಯದು ಬೆತ್ತ. ಕೈಯಲ್ಲಿ ಹೆಣೆದ ಆಸನದಲ್ಲಿ ಚೌಕಟ್ಟಿನ ಸುತ್ತ ಸಾಲಾಗಿ ತೂತು ಇರುತ್ತವೆ. ಬೆತ್ತದ ಎಳೆ ಮೇಲಿನಿಂದ ಇಳಿದು, ಅಡಿಯಲ್ಲಿ ಪಕ್ಕದ ತೂತಿಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಅಡಿಯಲ್ಲಿ ಆ ಕುಣಿಕೆಗಳು, ಗಂಟುಗಳು ಕಾಣಲೇಬೇಕು. ಹಳೆಯದಾದರೆ ಎಷ್ಟೋ ಸಲ ಬಿಚ್ಚಿ ಹೆಣೆದು, ತೂತಿನ ಬಾಯಿ ಸವೆದು ದುಂಡಗಾಗಿರುತ್ತದೆ. ನಿಮ್ಮ ಕುರ್ಚಿಯಲ್ಲಿ ತೂತೇ ಇಲ್ಲ. ಸುತ್ತ ಒಂದು ಕಾಲುವೆ ಕೊರೆದು, ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಅದರೊಳಗೆ ಒತ್ತಿ, ಮೇಲೊಂದು ಪಟ್ಟಿ ಬಡಿದು ಕೂರಿಸಿದ್ದಾರೆ. ಇದೇನೂ ಮೋಸ ಅಲ್ಲ, ಕೂರಲು ತೊಂದರೆಯೂ ಇಲ್ಲ. ವಯಸ್ಸಿನ ಮಾತಿಗೆ ಮಾತ್ರ ಹೊಂದುವುದಿಲ್ಲ.

ಮೂರನೆಯದು ನನಗೆ ಹೆಚ್ಚು ಅನುಮಾನ ಹುಟ್ಟಿಸಿದ್ದು. ಆಸನದ ಅಡಿಯ ಮರವೂ ಮೇಲಿನಷ್ಟೇ ಕಪ್ಪು, ಅಷ್ಟೇ ನುಣುಪು. ಹಳೆ ಬಡಿಗರು ಕಾಣದ ಜಾಗಕ್ಕೆ ಪಾಲಿಶ್ ದಂಡ ಮಾಡುತ್ತಿರಲಿಲ್ಲ. ಅಡಿಭಾಗ ಒಣಗಿ, ಬೂದು ಮಿಶ್ರಿತ ಕಂದಾಗಿ, ಮುಟ್ಟಿದರೆ ಒರಟಾಗಿರುತ್ತದೆ. ಗರಗಸದ ಗೆರೆ ಹಾಗೇ ಉಳಿದಿರುತ್ತದೆ. ಕೈಗರಗಸದ ಗೆರೆ ನೇರವಾಗಿ, ಆದರೆ ಏರುಪೇರಾಗಿ ಇರುತ್ತದೆ. ಚಕ್ರದ ಗರಗಸದ್ದು ಕಮಾನಿನ ಹಾಗೆ ಬಾಗಿರುತ್ತದೆ. ಎಲ್ಲವನ್ನೂ ಉಜ್ಜಿ, ಒಳಗೂ ಹೊರಗೂ ಒಂದೇ ಬಣ್ಣ ಬಳಿದಿದ್ದಾರೆ ಅಂದರೆ ಏನನ್ನೋ ಮುಚ್ಚಲು ಬಳಿದಿದ್ದಾರೆ ಅಂತಲೇ ನಾನು ತಿಳಿಯುತ್ತೇನೆ.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ವ್ಯಾಪಾರಿಯ ಅಪ್ಪಣೆ ಕೇಳಿ, ಹತ್ತಿಗೆ ಒಂದಿಷ್ಟು ಪಾಲಿಶ್ ಸ್ಪಿರಿಟ್ ಹಾಕಿ, ಹಿಂಗಾಲಿನ ಒಳಮೈಯಲ್ಲಿ ಒಂದು ನಾಣ್ಯದಷ್ಟು ಜಾಗ ಒರೆಸಿ. ಅರಗಿನ ಹಳೆ ಪಾಲಿಶ್ ಆಗಿದ್ದರೆ ಮೆತ್ತಗಾಗಿ ಹತ್ತಿಗೆ ಅಂಟುತ್ತದೆ. ಏನೂ ಆಗದಿದ್ದರೆ ಅದು ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್, ಈಚಿನ ಕೆಲಸ. ಹತ್ತಿಗೆ ಕೆಂಪು-ಕಪ್ಪು ಬಣ್ಣ ಬಂದು, ಒರೆಸಿದ ಜಾಗದಲ್ಲಿ ಹಳದಿ ಕಂದು ಕಂಡರೆ ಮರ ಬೀಟೆ ಅಲ್ಲ, ಬಣ್ಣ ಕೊಟ್ಟ ಬೇರೆ ಮರ. ಬೀಟೆಯ ಒಳಬಣ್ಣವೇ ನೇರಳೆ ಮಿಶ್ರಿತ ಕಂದು, ನಡುನಡುವೆ ಕಪ್ಪು ಎಳೆ. ಅದಕ್ಕೆ ಬಣ್ಣ ಬಳಿಯುವ ಅಗತ್ಯ ಇರುವುದಿಲ್ಲ. ತೂಕವೂ ಸುಳ್ಳು ಹೇಳುವುದಿಲ್ಲ. ಅದೇ ಅಳತೆಯ ಸಾಗುವಾನಿಗಿಂತ ಬೀಟೆ ಕಾಲು ಭಾಗದಷ್ಟಾದರೂ ಭಾರ. ಒಂದು ಕೈಯಲ್ಲಿ ಸಲೀಸಾಗಿ ಎತ್ತಲು ಬಂದರೆ ಅನುಮಾನ ಪಡಿ. ವ್ಯಾಪಾರಿ ಒಪ್ಪಿದರೆ ಕಾಣದ ಕಡೆ ಸ್ವಲ್ಪ ಕೆರೆದು ಮೂಸಿ ನೋಡಿ. ಬೀಟೆಗೆ ಒಂದು ಸಿಹಿ ವಾಸನೆ ಇದೆ. ಸಾಗುವಾನಿಯದು ಚರ್ಮದ ವಾಸನೆಗೆ ಹತ್ತಿರ, ಮುಟ್ಟಿದರೆ ಎಣ್ಣೆ ಜಿಡ್ಡು.

ಸವೆತವನ್ನು ಓದುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಎಪ್ಪತ್ತು ವರ್ಷ ಜನ ಕೂತ ಕುರ್ಚಿ ಎಲ್ಲೆಲ್ಲಿ ಸವೆಯಬೇಕು, ಯೋಚಿಸಿ. ಕೈಗಳ ತುದಿ, ಅಂಗೈ ಉಜ್ಜುವ ಜಾಗ. ಮುಂಗಾಲುಗಳ ನಡುವಿನ ಅಡ್ಡಪಟ್ಟಿಯ ಮೇಲ್ಮೈ, ಹಿಮ್ಮಡಿ ಇಡುವ ಜಾಗ. ಬೆನ್ನಿನ ಮೇಲುಪಟ್ಟಿಯ ಹಿಂಬದಿ, ಎಳೆಯುವಾಗ ಕೈ ಹಿಡಿಯುವ ಜಾಗ. ಹಿಂಗಾಲಿನ ತುದಿಯ ಹಿಂದಿನ ಅಂಚು, ಜನ ಹಿಂದಕ್ಕೆ ವಾಲುತ್ತಾರಲ್ಲ, ಅಲ್ಲಿ. ಇವು ಸವೆದು ಉಳಿದ ಕಡೆ ಅಂಚು ಚೂಪಾಗಿದ್ದರೆ ನಿಜವಾದ ವಯಸ್ಸು. ಎಲ್ಲ ಅಂಚೂ ಒಂದೇ ಸಮ ದುಂಡಗಾಗಿದ್ದರೆ ಉಪ್ಪುಕಾಗದದ ಕೆಲಸ. ಸರಪಳಿಯಿಂದ ಹೊಡೆದು ತಗ್ಗು ಮಾಡುವವರೂ ಉಂಟು. ಅಂಥ ತಗ್ಗುಗಳೆಲ್ಲ ಒಂದೇ ಆಕಾರದಲ್ಲಿ, ಯಾರ ಕೈಯೂ ಕಾಲೂ ತಾಗದ ಜಾಗದಲ್ಲಿ ಇರುತ್ತವೆ.

ಕಾಲಿನ ತುದಿಯನ್ನು ಇನ್ನೊಂದು ಕಾರಣಕ್ಕೂ ನೋಡಿ. ನಮ್ಮ ಮನೆಗಳಲ್ಲಿ ನೆಲ ಸಾರಿಸುವುದು, ನೀರು ಹಾಕಿ ತೊಳೆಯುವುದು ದಿನಾ ಇದ್ದದ್ದೇ. ವರ್ಷಗಟ್ಟಲೆ ನೀರು ಕುಡಿದು ಕಾಲಿನ ಕೊನೆಯ ಒಂದೆರಡು ಇಂಚು ಕೊಳೆತಿರುತ್ತದೆ. ಅದನ್ನು ಕೊಯ್ದು ಮಾರುತ್ತಾರೆ. ಕುರ್ಚಿ ಗಿಡ್ಡವಾಗುತ್ತದೆ. 17 ಇಂಚು ಇರಬೇಕಾದ ಆಸನ 15ಕ್ಕೆ ಇಳಿದರೆ ಅತ್ತೆ ಕೂರಬಹುದು, ಏಳುವುದು ಮಾತ್ರ ಕಷ್ಟ. ಹಾಗಾಗಿ ಟೇಪು ಒಯ್ಯುವುದು ಮರೆಯಬೇಡಿ. ಕೊಳೆತ ತುದಿಗೆ ಹೊಸ ತುಂಡು ಜೋಡಿಸಿದ್ದರೆ ನನ್ನ ತಕರಾರಿಲ್ಲ, ಅಚ್ಚುಕಟ್ಟಾಗಿದ್ದರೆ ಸಾಕು.

ಜೋಡಿಯ ವಿಷಯ. ವ್ಯಾಪಾರಿಗಳು ಜೋಡಿಗೆ ಹೇಳುವ ಬೆಲೆ ಒಂಟಿ ಕುರ್ಚಿಯ ಎರಡರಷ್ಟಕ್ಕಿಂತ ಜಾಸ್ತಿ. ಅದಕ್ಕೇ ಒಂದು ಹಳೆಯದನ್ನು ಮುಂದಿಟ್ಟುಕೊಂಡು ಇನ್ನೊಂದನ್ನು ಮಾಡಿಸುವ ಆಸೆ ಹುಟ್ಟುತ್ತದೆ. ಎರಡನ್ನೂ ಪಕ್ಕಪಕ್ಕ ಬೋರಲು ಹಾಕಿ. ತಿರುಗಣಿಯಲ್ಲಿ ಕಡೆದ ಕಾಲಾದರೆ ಬಳೆಗಳ ನಡುವಿನ ಅಂತರ ಅಳೆಯಿರಿ. ಕೈಕೆಲಸದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ದುಂಡು ಕಾಲನ್ನು ಎರಡು ದಿಕ್ಕಿನಲ್ಲಿ ಕ್ಯಾಲಿಪರ್ ಇಟ್ಟು ಅಳೆದರೆ ಹಳೆ ಮರದಲ್ಲಿ ಸ್ವಲ್ಪ ವ್ಯತ್ಯಾಸ ಸಿಗುತ್ತದೆ. ಮರ ಅದರ ವಾರ್ಷಿಕ ಉಂಗುರಗಳ ಗುಂಟ ಹೆಚ್ಚು ಕುಗ್ಗುತ್ತದೆ, ಉಂಗುರಗಳ ಅಡ್ಡಕ್ಕೆ ಕಡಿಮೆ. ಒಂದು ಕುರ್ಚಿಯ ಕಾಲು ಕೊಂಚ ಚಪ್ಪಟೆ, ಇನ್ನೊಂದರದು ಪಕ್ಕಾ ದುಂಡು ಅಂದರೆ ಎರಡೂ ಒಂದೇ ವಯಸ್ಸಿನವಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಜಾಗಕ್ಕೆ ಜೋಡಿ ಬೇಕೇ ಅನ್ನುವುದೇ ನನ್ನ ಪ್ರಶ್ನೆ. ಕೈ ಇರುವ ಒಂದು ಒಳ್ಳೆ ಕುರ್ಚಿ ಅತ್ತೆಗೆ, ಪಕ್ಕದಲ್ಲಿ ಹನ್ನೆರಡು ಹದಿನಾಲ್ಕು ಇಂಚು ಅಗಲದ ಹಳೆ ಸಾಗುವಾನಿ ಬಾಕು, ಅಂದರೆ ಬೆಂಚು. ಬಾಕಿನ ಮೇಲೆ ಇಬ್ಬರು ಕೂತು ಚಪ್ಪಲಿ ಹಾಕಿಕೊಳ್ಳಬಹುದು, ಅಡಿಯಲ್ಲಿ ಜೋಡು ಇಡಬಹುದು. ಓಡಾಡಲು ಜಾಗವೂ ಹೆಚ್ಚು ಉಳಿಯುತ್ತದೆ. ಹಳೆ ಸಾಲಿ, ದವಾಖಾನೆಗಳ ಬಾಕುಗಳಿಗೆ ಯಾರೂ ಆ್ಯಂಟಿಕ್ ಅಂತ ಹೆಸರಿಟ್ಟಿಲ್ಲ. ಹಾಗಾಗಿ ಇನ್ನೂ ಕಡಿಮೆ ಬೆಲೆಗೆ ಸಿಗುತ್ತವೆ.

ಗಟ್ಟಿತನ ನೋಡುವುದು ಸುಲಭ. ಬೆನ್ನು ಹಿಡಿದು ಅಲುಗಾಡಿಸಿ. ಒಂದಿಷ್ಟು ಕಿರುಗುಟ್ಟಿದರೆ ಚಿಂತೆ ಇಲ್ಲ. ಹಳೆ ಕುರ್ಚಿಗೆ ಹಾಕುತ್ತಿದ್ದದ್ದು ಚರ್ಮ, ಎಲುಬು ಬೇಯಿಸಿ ಮಾಡಿದ ಅಂಟು. ಬಿಸಿ ನೀರು ತಾಗಿಸಿದರೆ ಬಿಡುತ್ತದೆ, ಕೀಲು ಬಿಚ್ಚಿ ಮತ್ತೆ ಕೂರಿಸಬಹುದು. ಯಾರೋ ಫೆವಿಕಾಲ್ ಸುರಿದು, ಮೇಲೆ ಮೊಳೆ ಬಡಿದು, ಕಬ್ಬಿಣದ ಎಲ್ ಪಟ್ಟಿ ಹಾಕಿದ್ದರೆ ಆ ಕೀಲನ್ನು ಬಿಚ್ಚುವಾಗ ಮರವೇ ಸೀಳುತ್ತದೆ. ಸಡಿಲಾದ ಕೀಲಿಗೆ ಹೆದರಬೇಡಿ. ಕೆಟ್ಟ ರಿಪೇರಿಗೆ ಹೆದರಿ.

ಹುಳದ ತೂತು ಕಂಡರೆ ಕುರ್ಚಿಯನ್ನು ಹಾಳೆಯ ಮೇಲಿಟ್ಟು ಕಾಲಿಗೆ ಮೆಲ್ಲಗೆ ತಟ್ಟಿ. ಗುಂಡುಸೂಜಿಯ ತಲೆಯಷ್ಟು ತೂತಿನಿಂದ ಹಿಟ್ಟಿನಂಥ ತಾಜಾ ಪುಡಿ ಉದುರಿದರೆ ಹುಳ ಒಳಗಿದೆ. ಪುಡಿ ಇಲ್ಲದೆ ತೂತಿನ ಬಾಯಿ ಕಪ್ಪಾಗಿದ್ದರೆ ಹಳೆ ಕಥೆ. ಚೇಗನ್ನು, ಅಂದರೆ ಮರದ ನಡುವಿನ ಗಟ್ಟಿ ತಿರುಳನ್ನು, ಹುಳ ಸುಲಭಕ್ಕೆ ಮುಟ್ಟುವುದಿಲ್ಲ, ಹೊರಗಿನ ಬಿಳಿ ಮರವನ್ನೇ ತಿನ್ನುತ್ತದೆ. ಕಾಲಿನ ತುಂಬ ಬಿಳಿ ಮರ ಇದ್ದರೆ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಹೊಸದಾಗಿ ತಂದ ಯಾವ ಹಳೆ ಸಾಮಾನನ್ನೂ ಒಂದು ತಿಂಗಳು ಹೊರಗಿನ ಕೋಣೆಯಲ್ಲಿ, ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಪುಡಿ ಬೀಳುತ್ತದೆಯೇ ನೋಡಿ. ನಿಮ್ಮದು ಹಳೆ ಮನೆ, ತಲಬಾಗಿಲ ಚೌಕಟ್ಟೂ ಹಳೆಯದೇ ಇರಬೇಕು. ಹುಳ ಅಲ್ಲಿಗೆ ಹತ್ತಿದರೆ ಖರ್ಚು ಬೇರೆ ಲೆಕ್ಕಕ್ಕೆ ಹೋಗುತ್ತದೆ.

ಬೆಲೆಗೆ ಬರೋಣ. ಮೊದಲು ನಂಬಿಕೆಯ ಒಬ್ಬ ಬಡಿಗರಿಗೆ ಫೋಟೊ ತೋರಿಸಿ, ಇದೇ ಅಳತೆಯ ಕುರ್ಚಿಯನ್ನು ಒಳ್ಳೆ ಸಾಗುವಾನಿಯಲ್ಲಿ ಹೊಸದಾಗಿ ಮಾಡಲು ಎಷ್ಟಾಗುತ್ತದೆ ಕೇಳಿ. ವಯಸ್ಸಿನ ಪುರಾವೆ ಇಲ್ಲದ ಹಳೆ ಕುರ್ಚಿಗೆ ಅದಕ್ಕಿಂತ ಜಾಸ್ತಿ ಕೊಡುವ ಕಾರಣ ನನಗೆ ಕಾಣುವುದಿಲ್ಲ. ಅದರಲ್ಲಿ ಬೆತ್ತ, ಕೀಲು, ಪಾಲಿಶ್‌ಗೆ ತಗಲುವ ಖರ್ಚು ಕಳೆಯಿರಿ. ಹುಬ್ಬಳ್ಳಿಯಿಂದ ತರುವ ಗಾಡಿ ಬಾಡಿಗೆಯನ್ನೂ ಕಳೆಯಿರಿ. ಉಳಿದದ್ದು ನಿಮ್ಮ ಬೆಲೆ. ಬೇರೆ ಕಡೆಯೂ ನೋಡುವುದಾದರೆ ಮುಂಬಯಿಯ ಚೋರ್ ಬಜಾರ್, ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿಯಲ್ಲಿ ಹಳೆ ಪೀಠೋಪಕರಣದ ದೊಡ್ಡ ಬಜಾರುಗಳೇ ಇವೆ. ಆದರೆ ಎರಡು ಕುರ್ಚಿಗೋಸ್ಕರ ಅಷ್ಟು ದೂರ ಯಾಕೆ? ಹಳೆ ಮನೆ ಕೆಡವುವ ಗುತ್ತಿಗೆದಾರರ ಪರಿಚಯ ಮಾಡಿಕೊಳ್ಳಿ. ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರಿನ ಗುಜರಿಯವರಿಗೆ ನಂಬರ್ ಕೊಟ್ಟಿಡಿ. ಪಾಲಿಶ್ ಆಗುವ ಮುಂಚೆ, ಧೂಳು ಮೆತ್ತಿದ ಸ್ಥಿತಿಯಲ್ಲಿ ಸಿಕ್ಕ ಕುರ್ಚಿಯಲ್ಲಿ ಎಲ್ಲ ಗುರುತೂ ಹಾಗೇ ಇರುತ್ತದೆ. ಬೆಲೆಯೂ ಕಡಿಮೆ.

ನಿಮ್ಮ ವ್ಯಾಪಾರಿಗೆ ಒಂದೇ ಮಾತು ಕೇಳಿ. ಬಿಲ್ಲಿನಲ್ಲಿ "ಬೀಟೆ ಮರ, 100 ವರ್ಷಕ್ಕಿಂತ ಹಳೆಯದು" ಅಂತ ಬರೆದುಕೊಡುತ್ತೀರಾ? ಬರೆದುಕೊಟ್ಟರೆ ಮಾತು ಮುಂದುವರಿಸಿ. "ಅದೆಲ್ಲ ಯಾಕ ಬೇಕ್ರೀ ಅಕ್ಕಾರ, ನಂಬಿಕಿ ಮ್ಯಾಲೆ ವ್ಯಾಪಾರ" ಅಂದರೆ ನಿಮಗೆ ಉತ್ತರ ಸಿಕ್ಕಿತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕಲೆ, ಕುಶಲಕಲೆಯ ವಸ್ತುಗಳು ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಂದರೆ ಕುರ್ಚಿ ನಿಜವಾಗಿ 150 ವರ್ಷದ್ದಾಗಿದ್ದರೆ ಮಗಳ ಅಮೆರಿಕದ ಆಸೆ ಅಲ್ಲಿಗೇ ನಿಂತಿತು. ವಯಸ್ಸು ಕಡಿಮೆ, ಮರ ಮಾತ್ರ ಬೀಟೆ ಅಂತಾದರೂ ಕಾಗದಪತ್ರದ ತಾಪತ್ರಯ ಬರಬಹುದು. 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಯಲ್ಲಿವೆ. ಮಗಳಿಗೆ ಬೇರೇನಾದರೂ ಕೊಡಿ.

ಕೊನೆಗೆ ಅಟ್ಟದ ಮೇಲಿನ ಆರಾಮ ಕುರ್ಚಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ. ಮನೆಯದೇ ಕುರ್ಚಿ, ಯಾರು ಕೂರುತ್ತಿದ್ದರು ಅಂತ ಅತ್ತೆಗೆ ಗೊತ್ತಿರುತ್ತದೆ, ಯಾವ ವ್ಯಾಪಾರಿಯ ಕಥೆಯೂ ಬೇಕಿಲ್ಲ. ಆದರೆ ಪಡಸಾಲೆಗೆ ಅದು ಆಗುವುದಿಲ್ಲ. ಕಾಲು ಚಾಚಿದರೆ ಐದು ಅಡಿ ತಿನ್ನುತ್ತದೆ, ಆಸನವೂ ತೀರ ಕೆಳಗೆ. ಒಳಗೆ ಕಿಟಕಿಯ ಹತ್ತಿರ ಇಡಿ. ಹರಿದ ಬಟ್ಟೆಯ ಜಾಗಕ್ಕೆ ದಪ್ಪ ಕ್ಯಾನ್ವಾಸ್ ಹಾಕಿಸಿ. ಎರಡೂ ಕಡೆ ಕೋಲು ತೂರುವ ಮಡಿಕೆಗೆ ಎರಡು ಸಾಲು ಹೊಲಿಗೆ ಬೀಳಲಿ. ಬಟ್ಟೆ ಹರಿಯುವುದು ಅಲ್ಲೇ.

ಹುಬ್ಬಳ್ಳಿಯ ಕುರ್ಚಿಗಳನ್ನು ಸರಿಯಾದ ಬೆಲೆಗೆ ತಂದರೆ ಬೆತ್ತದ ಬಗ್ಗೆ ಎರಡು ಮಾತು. ಬೇಸಿಗೆಯಲ್ಲಿ ಬೆತ್ತ ಒಣಗಿ ಸಿಡಿಯುತ್ತದೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸಡಿಲಾಗುತ್ತದೆ. ಆಸನ ಜೋತುಬಿದ್ದರೆ ಕುರ್ಚಿ ಬೋರಲು ಹಾಕಿ, ಒದ್ದೆ ಬಟ್ಟೆಯಿಂದ ಅಡಿಭಾಗವನ್ನು ಚೆನ್ನಾಗಿ ನೆನೆಸಿ, ನೆರಳಲ್ಲಿ ಒಂದು ದಿನ ಒಣಗಲು ಬಿಡಿ. ಮತ್ತೆ ಬಿಗಿಯಾಗುತ್ತದೆ. ಮೇಲ್ಮೈ ಒದ್ದೆ ಮಾಡಿ ಉಪಯೋಗವಿಲ್ಲ, ಆ ಹೊಳಪಿನ ಸಿಪ್ಪೆ ನೀರು ಕುಡಿಯುವುದಿಲ್ಲ. ಬೆತ್ತದ ಮೇಲೆ ನಿಂತು ಬಲ್ಬ್ ಬದಲಿಸಬೇಡಿ ಅಂತ ಮನೆಯವರಿಗೆಲ್ಲ ಹೇಳಿಡಿ.

ಮರಕ್ಕೆ ಮತ್ತೆ ಪಾಲಿಶ್ ಹೊಡೆಸಲು ಅವಸರ ಮಾಡಬೇಡಿ. ಆರಾಮ ಕುರ್ಚಿಗಂತೂ ಬೇಡವೇ ಬೇಡ. ಧೂಳು ಒರೆಸಿ, ಒದ್ದೆ ಬಟ್ಟೆಯಿಂದ ಜಿಡ್ಡು ತೆಗೆದು, ಪೂರ್ತಿ ಒಣಗಿದ ಮೇಲೆ ಪಾಲಿಶ್ ಹೋಗಿ ಬರಿದಾದ ಕಡೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿಬಿಡಿ. ಮೇಲೆ ಒಂದಿಷ್ಟು ಜೇನುಮೇಣ ಉಜ್ಜಿದರೆ ಸಾಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತುವುದುಂಟು. ಹಿತ್ತಲಲ್ಲಿ ತಂತಿಯ ಮೇಲೆ ಹರಡಿ, ಗರಿಗರಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ.